ಬೈಯೋದು ಮಗನಿಗೆ, ತಗಲೋದು ಅಮ್ಮನಿಗೆ

ಬೇರೆ ರಾಜ್ಯದಿಂದ ಬಂದ ರೂಮ್‌ಮೇಟ್‌ಗೆ ನಾವು ಯಾವ ಕನ್ನಡ ಕಲಿಸ್ತೀವಿ? ಮೊದಲ ದಿನ ‘ಊಟ ಆಯ್ತಾ’, ಎರಡನೇ ದಿನ ‘ಗುರು’, ‘ಮಗಾ’. ಮೂರನೇ ದಿನಕ್ಕೆ ಆ ‘ಮಗ’ನಿಗೇ ಇನ್ನೊಂದು ಪದ ಅಂಟಿಸಿ ಕೊಡ್ತೀವಿ. ಬೋಳಿಮಗ, ಮುಂಡೇಮಗ, ಸೂಳೆಮಗ. ಅವನು ಅದನ್ನ ತಪ್ಪು ಉಚ್ಚಾರಣೆಯಲ್ಲಿ ಹೇಳಿದಾಗ ಇಡೀ ಕಾರಿಡಾರ್ ನಗುತ್ತೆ. ಕನ್ನಡ ಬೆಳೀತಿದೆ ಅಂತ ನಮಗೂ ಖುಷಿ. ನಾವೇನು ಪಂಡಿತರಲ್ಲ. ಇಂಗ್ಲಿಷ್ ಮೀಡಿಯಂನಲ್ಲಿ ಓದಿ, ಪರೀಕ್ಷೆಗೋಸ್ಕರ ಸಂಧಿ ಸಮಾಸ ಬಾಯಿಪಾಠ ಮಾಡಿ ಬಂದವರು. ಬೈಗುಳ ಮಾತ್ರ ಯಾರೂ ಹೇಳಿಕೊಡದೆ ಬಂತು. ಅರ್ಥ ಕೇಳಬೇಕು ಅಂತ ಯಾವತ್ತೂ ಅನ್ನಿಸಲೇ ಇಲ್ಲ.

ಕೇಳೋ ಹಾಗೆ ಆಗಿದ್ದು ಕುಟ್ಟದಲ್ಲಿ. ಡಿಸೆಂಬರ್ ರಜೆಯಲ್ಲಿ ನಾವು ನಾಲ್ಕು ಜನ ಅಲ್ಲಿನ ಗೆಳೆಯನ ಮನೆಗೆ ಹೋಗಿದ್ವಿ. ಕುಟ್ಟ ಅಂದ್ರೆ ಕೊಡಗಿನ ದಕ್ಷಿಣದ ತುದಿ. ಗಡಿ ದಾಟಿದ್ರೆ ವಯನಾಡಿನ ತೋಲ್ಪೆಟ್ಟಿ. ಒಂದೇ ಟೀ ಅಂಗಡೀಲಿ ಕೊಡವ ತಕ್ಕ್, ಮಲಯಾಳಂ, ಕನ್ನಡ, ಎರವರ ಮಾತು ಎಲ್ಲಾ ಕಿವಿಗೆ ಬೀಳುತ್ತೆ. ಸಂಜೆ ಜಗಲೀಲಿ ಇಸ್ಪೀಟ್ ಆಡ್ತಾ ಇದ್ವಿ. ಸೋತ ಸಿಟ್ಟಿಗೆ ನಮ್ಮಲ್ಲೊಬ್ಬ ಆ ಗೆಳೆಯನಿಗೆ ‘ಲೇ ಬೋಳಿಮಗನೇ’ ಅಂದ. ಒಳಗಿಂದ ಅವನ ಅಜ್ಜಿ ಬಂದ್ರು. ಬೈತಾರೆ ಅಂದ್ಕೊಂಡ್ವಿ. ‘ಬೋಳಿ ಅಂದ್ರೆ ಯಾರು ಗೊತ್ತಾ?’ ಅಂತ ಕೇಳಿದ್ರು ಅಷ್ಟೆ. ಗೊತ್ತಿರಲಿಲ್ಲ. ‘ಗಂಡ ಸತ್ತ ಮೇಲೆ ತಲೆ ಬೋಳಿಸ್ತಿದ್ರಲ್ಲ, ಅವಳು.’

ಆಮೇಲೆ ತಮ್ಮ ಕಥೆ ಹೇಳಿದ್ರು. ಇಪ್ಪತ್ತೆರಡಕ್ಕೆ ಅವರ ಗಂಡ ತೀರಿಕೊಂಡಿದ್ರು. ಎರಡು ವರ್ಷದ ಮೇಲೆ ಮತ್ತೆ ಮದುವೆ ಆಯ್ತು. ಕೊಡವರಲ್ಲಿ ವಿಧವೆಯ ಮರುಮದುವೆಗೆ ಕೂಡಾವಳಿ ಅಂತ ಹೆಸರೇ ಇದೆ. ಗೆಳೆಯನ ಅಪ್ಪ ಹುಟ್ಟಿದ್ದು ಆ ಎರಡನೇ ಮದುವೆಯಲ್ಲಿ. ‘ನನ್ನನ್ನೂ ಹಾಗೆ ಬೋಳಿಸಿ ಕೂರಿಸಿದ್ರೆ ಇವನೇ ಇರ್ತಿರಲಿಲ್ಲ’ ಅಂದು ಒಳಗೆ ಹೋದ್ರು.

ಬೈದಿದ್ದ ಗೆಳೆಯನ ಅಪ್ಪ ಕೋವಿಡ್‌ನಲ್ಲಿ ಹೋಗಿದ್ರು. ಅವನು ಆ ರಾತ್ರಿ ಜಾಸ್ತಿ ಮಾತಾಡಲಿಲ್ಲ.

ವಾಪಸ್ ಬಂದು ಹುಡುಕಿದ್ವಿ. ಮುಂಡೆಯೂ ಅದೇ, ‘ಮುಂಡ’ ಅಂದ್ರೆ ಬೋಳಿಸಿದ ತಲೆ. ರಂಡೆ ಅಂದ್ರೂ ಸಂಸ್ಕೃತದಲ್ಲಿ ವಿಧವೆಯೇ. ಅಂದ್ರೆ ನಾವು ದಿನಾ ಎಸೆಯೋ ಈ ಪದಗಳು ಹೇಳ್ತಿರೋದು ‘ನಿನ್ನಪ್ಪ ಸತ್ತಿದ್ದಾನೆ’ ಅಂತ, ಅದಕ್ಕೆ ನಾಚಿಕೆಪಡಬೇಕಾದವಳು ಅಮ್ಮ ಅಂತ. ಮುಖ್ಯವಾಗಿ ಬ್ರಾಹ್ಮಣ ಮನೆಗಳಲ್ಲಿ ಎಳೇ ಹುಡುಗಿಯರಿಗೂ ಈ ಗತಿ ಬರ್ತಿತ್ತು. ಎಂ.ಕೆ. ಇಂದಿರಾ ಅವರ ‘ಫಣಿಯಮ್ಮ’ ಕಾದಂಬರಿ (1976) ಅಂಥ ಒಬ್ಬ ಬಾಲವಿಧವೆಯದ್ದು. ಪ್ರೇಮಾ ಕಾರಂತರು ಅದನ್ನ ಸಿನಿಮಾನೂ ಮಾಡಿದ್ದಾರೆ. ಓದಿ, ಇಲ್ಲಾ ನೋಡಿ, ಆಮೇಲೆ ಆ ಪದ ಅಷ್ಟು ಸಲೀಸಾಗಿ ಬಾಯಿಗೆ ಬರಲ್ಲ. ವಿಧವಾ ವಿವಾಹಕ್ಕೆ 1856ರಲ್ಲೇ ಕಾನೂನು ಬಂತು, ತಲೆ ಬೋಳಿಸೋದೂ ಹೋಯ್ತು, ಬೈಗುಳ ಮಾತ್ರ ನಮ್ಮ ಹಾಸ್ಟೆಲ್ ತನಕ ಬಂದಿದೆ. ಹೆಂಡತಿ ಸತ್ತವನಿಗೆ ವಿಧುರ ಅಂತ ಪದ ಇದೆ. ‘ಲೇ ವಿಧುರನ ಮಗನೇ’ ಅಂತ ಒಮ್ಮೆ ಬೈದು ನೋಡಿ. ಪೌರಾಣಿಕ ನಾಟಕದ ಡೈಲಾಗ್ ಥರ ಕೇಳುತ್ತೆ.

ಸೂಳೆ ಅನ್ನೋ ಪದದ ಕಥೆ ಇನ್ನೂ ವಿಚಿತ್ರ. ಬಾದಾಮಿ ಹತ್ತಿರದ ಮಹಾಕೂಟದಲ್ಲಿ ಚಾಲುಕ್ಯ ವಿಜಯಾದಿತ್ಯನ ಕಾಲದ ಒಂದು ಶಾಸನ ಇದೆ. ಅವನ ಪ್ರಾಣವಲ್ಲಭೆ ವಿನಾಪೋಟಿ ದೇವರಿಗೆ ಮಾಣಿಕ್ಯದ ಪೀಠ, ಬೆಳ್ಳಿಯ ಛತ್ರಿ, ಹೊಲ ಎಲ್ಲಾ ಕೊಟ್ಟಿದ್ದನ್ನ ಅದು ಹೇಳುತ್ತೆ. ಅವಳನ್ನ ಸೂಳೆ ಅಂತಲೇ ಕಲ್ಲಿನ ಮೇಲೆ ಬರೆದಿದೆ, ದೇವಸ್ಥಾನದಲ್ಲಿ, ಯಾವ ಮುಜುಗರವೂ ಇಲ್ಲದೆ. ವಚನ ಬರೆದ ಸೂಳೆ ಸಂಕವ್ವೆಯ ಹೆಸರಲ್ಲೂ ಆ ಪದ ಇದೆ. ಚನ್ನಗಿರಿ ಕಡೆಯವರು ಸೂಳೆಕೆರೆ ನೀರು ಕುಡಿದೇ ಬೆಳೆದವರು. ಅವರ ಬದುಕು ಸುಖವಾಗಿತ್ತು ಅಂತ ನಾವು ಹೇಳ್ತಿಲ್ಲ. ಆದ್ರೆ ಅವರ ಹತ್ತಿರ ಹೋದ ಗಂಡಸರ ಹೆಸರು ಯಾಕೆ ಬೈಗುಳ ಆಗಲಿಲ್ಲ ಅನ್ನೋದು ನಮ್ಮ ಪ್ರಶ್ನೆ.

ಇನ್ನು ‘ನಿಮ್ಮಕ್ಕನ್’, ‘ನಿನ್ನಮ್ಮನ್’. ವ್ಯಾಕರಣ ನೋಡಿ, ಕ್ರಿಯಾಪದವೇ ಇಲ್ಲ. ಎಲ್ಲರಿಗೂ ಅರ್ಥ ಆಗುತ್ತೆ ಅಂತ ಬಿಟ್ಟಿರೋದು. ಸರ್ವರ್ ಡೌನ್ ಆದ್ರೂ ಅಕ್ಕ, ವಿಕೆಟ್ ಹೋದ್ರೂ ಅಕ್ಕ. ‘ನಿಮ್ಮಣ್ಣನ್’ ಅಂತ ಯಾರಾದ್ರೂ ಅಂದಿದ್ದು ಕೇಳಿದ್ದೀರಾ? ಲ್ಯಾಬ್‌ನಲ್ಲಿ ಎದುರು ಮಾತಾಡಿದ ಹುಡುಗಿ ಬಜಾರಿ. ದಿನಾ ಬಜಾರಲ್ಲೇ ಬಿದ್ದಿರೋ ನಮಗೆ ಅಂಥ ಹೆಸರಿಲ್ಲ.

‘ಯಾರು ಅರ್ಥ ಇಟ್ಕೊಂಡು ಬೈತಾರೆ, ಫ್ರೆಂಡ್ಸ್ ಮಧ್ಯೆ ಇದೆಲ್ಲ ಪ್ರೀತಿ’ ಅಂತ ಸೀನಿಯರ್ ಒಬ್ಬರು ನಮ್ಮ ಹತ್ತಿರ ವಾದ ಮಾಡಿದ್ರು. ಪ್ರೀತಿ ಅನ್ನೋದು ನಿಜಾನೇ. ಆದ್ರೆ ಅದೇ ಪದನ ಅವರಮ್ಮ ಫೋನಲ್ಲಿದ್ದಾಗ ಹೇಳೋದಕ್ಕೆ ನಮಗ್ಯಾರಿಗೂ ಧೈರ್ಯ ಇಲ್ಲ. ಮ್ಯೂಟ್ ಬಟನ್ ಹುಡುಕ್ತೀವಿ. ಅಂದ್ರೆ ಅರ್ಥ ಎಲ್ಲೂ ಹೋಗಿಲ್ಲ. ಬೈಯೋದನ್ನೇ ಬಿಡಿ ಅಂದ್ರೆ ಇಂಟರ್ನಲ್ಸ್ ವಾರದಲ್ಲಿ ಬದುಕೋಕಾಗಲ್ಲ, ಅದು ನಮಗೂ ಗೊತ್ತು. ಕನ್ನಡಕ್ಕೇನು ಬಡತನವಾ? ಗೂಬೆ ಇದೆ, ಮುಠ್ಠಾಳ ಇದೆ, ದಂಡಪಿಂಡ ಇದೆ. ‘ನಿನ್ ಮನೆ ಕಾಯ್ವೋಗ’ ಅಂತ ಹಳ್ಳಿ ಅಜ್ಜಿಯರ ಥರ ಒಂದ್ಸಲ ಬಾಯ್ತುಂಬ ಹೇಳಿ ನೋಡಿ.

ಈಗ ನಮ್ಮ ರೂಮಲ್ಲಿ ಹಳೇ ಪದ ಬಾಯಿಗೆ ಬಂದ್ರೆ ಒಂದು ಟೀ ದಂಡ. ಲೆಕ್ಕ ಇಡೋನು ಕುಟ್ಟದವನೇ. ಕಳೆದ ವಾರ ಹನ್ನೊಂದು ಟೀ ಆಗಿದೆ. ಅದರಲ್ಲಿ ನಾಲ್ಕು, ಈ ಲೇಖನ ಟೈಪ್ ಮಾಡುವಾಗ ಲ್ಯಾಪ್‌ಟಾಪ್ ಹ್ಯಾಂಗ್ ಆಗಿದ್ದಕ್ಕೆ.