ಕಾಸ್ಟಿಕ್ ಚೀಲದ ಮೇಲೆ ಕನ್ನಡ ಯಾಕಿಲ್ಲ?

ಈ ಬೆಳಿಗ್ಗೆ ನೀವು ಕಾಫಿಗೆ ಸುರಿದುಕೊಂಡ ಪಾಕೆಟ್ ಹಾಲು ಒಂದು ಡೈರಿಯ ಉಕ್ಕಿನ ಪೈಪಿನೊಳಗೆ ಹರಿದು ಬಂದದ್ದು. ಹಾಲಿಗಿಂತ ಮುಂಚೆ ಅದೇ ಪೈಪಿನೊಳಗೆ ಏನು ಹರಿದಿರುತ್ತದೆ ಗೊತ್ತೆ? ಕಾಸ್ಟಿಕ್ ಸೋಡಾ. ಅದರ ಹಿಂದೆ ನೈಟ್ರಿಕ್ ಆಮ್ಲ. ಗಾಬರಿಯಾಗಬೇಡಿ, ಅವು ಹರಿಯಲೇಬೇಕು. ಹರಿಯದೇ ಇದ್ದರೆ ಗಾಬರಿಯಾಗಬೇಕು. ನನ್ನ ತಕರಾರು ಆ ರಾಸಾಯನಿಕದ ಮೇಲಲ್ಲ. ಅದನ್ನು ಕಲಸುವ ಹುಡುಗನ ಕೈಗೆ ಕೊಟ್ಟ ಚೀಲದ ಮೇಲೆ ಅಚ್ಚಾಗಿರುವ ಭಾಷೆಯ ಮೇಲೆ.

ಈ ವಿದ್ಯೆ ನಮಗೇನೂ ಹೊಸದಲ್ಲ. ನಮ್ಮ ಅಜ್ಜಿಯರು ಜಿಡ್ಡಿನ ಪಾತ್ರೆಗೆ ಒಲೆಯ ಬೂದಿ ಹಾಕಿ ತಿಕ್ಕುತ್ತಿದ್ದರು. ಕಪ್ಪಾದ ತಾಮ್ರದ ಹಂಡೆಗೆ ಹುಣಸೆಹಣ್ಣು ಹಚ್ಚುತ್ತಿದ್ದರು. ಬೂದಿ ಕ್ಷಾರ, ಹುಣಸೆ ಆಮ್ಲ. ಯಾವ ಕೊಳೆಗೆ ಯಾವುದು ಎಂದು ಅವರಿಗೆ ಯಾವ ಕಾಲೇಜೂ ಹೇಳಿಕೊಡಲಿಲ್ಲ. ಡೈರಿಯಲ್ಲಿ, ಜ್ಯೂಸ್ ಫ್ಯಾಕ್ಟರಿಯಲ್ಲಿ, ಬಿಯರ್ ಕಾರ್ಖಾನೆಯಲ್ಲಿ ನಡೆಯುವುದೂ ಇದೇ. ಹೆಸರು ಮಾತ್ರ ಸಿಐಪಿ. ಅಂದರೆ ಯಂತ್ರವನ್ನು ಬಿಚ್ಚದೆ, ಇದ್ದಲ್ಲೇ ತೊಳೆಯುವುದು.

ಹಾಲಿನ ಪೈಪನ್ನೇ ತೆಗೆದುಕೊಳ್ಳಿ. ಒಳಗೆ ಅಂಟಿಕೊಂಡಿರುವುದು ಬೆಣ್ಣೆ ಜಿಡ್ಡು, ಪ್ರೋಟೀನು, ಜೊತೆಗೆ ಬಿಸಿ ತಾಗಿ ಕಲ್ಲಿನಂತೆ ಕಚ್ಚಿಕೊಂಡ ಕ್ಯಾಲ್ಸಿಯಂ ಫಾಸ್ಫೇಟು. ಮೊದಲು ಬರೀ ನೀರು ಬಿಡಬೇಕು, ಬೆಚ್ಚಗಿದ್ದರೆ ಸಾಕು. ಕುದಿಯುವ ನೀರು ಬಿಟ್ಟಿರೋ, ಪ್ರೋಟೀನು ಬೆಂದು ಇನ್ನೂ ಗಟ್ಟಿಯಾಗಿ ಹಿಡಿಯುತ್ತದೆ. ಆಮೇಲೆ ನೂರಕ್ಕೆ ಒಂದೆರಡು ಪಾಲು ಕಾಸ್ಟಿಕ್ ಇರುವ ದ್ರಾವಣ, 70ರಿಂದ 80 ಡಿಗ್ರಿ ಸೆಲ್ಸಿಯಸ್ ಬಿಸಿಯಲ್ಲಿ. ಅದು ಜಿಡ್ಡನ್ನು ಸಾಬೂನಾಗಿ ಮಾಡಿಬಿಡುತ್ತದೆ, ಪ್ರೋಟೀನನ್ನು ಉಬ್ಬಿಸಿ ಕರಗಿಸುತ್ತದೆ. ಆದರೆ ಕಲ್ಲಿನ ಪದರಕ್ಕೆ ಕ್ಷಾರ ಏನೂ ಮಾಡಲಾರದು. ಅದಕ್ಕೇ ಮತ್ತೆ ನೀರು ಬಿಟ್ಟು, 60–65 ಡಿಗ್ರಿಯಲ್ಲಿ ನೈಟ್ರಿಕ್ ಆಮ್ಲ. ಅದೂ ನೂರಕ್ಕೆ ಅರ್ಧದಿಂದ ಒಂದು ಪಾಲು ಅಷ್ಟೇ. ಕೊನೆಗೆ ಮತ್ತೆ ನೀರು, ರೋಗಾಣು ಕೊಲ್ಲಲು ಬಿಸಿನೀರೋ ಪೆರಾಸಿಟಿಕ್ ಆಮ್ಲವೋ. ಈ ಪೆರಾಸಿಟಿಕ್ ಆಮ್ಲ ಕೆಲಸ ಮುಗಿಸಿ ವಿನೆಗರಿನ ಆಮ್ಲ, ನೀರು, ಆಮ್ಲಜನಕವಾಗಿ ಒಡೆದುಹೋಗುತ್ತದೆ. ಹಾಗಂತ ಕ್ಯಾನಿನಲ್ಲಿರುವಾಗ ಅದು ಸಾಧುವಲ್ಲ, ಮೂಗು ಕಣ್ಣು ಎರಡನ್ನೂ ಸುಡುತ್ತದೆ.

ಇದರಲ್ಲಿ ಇನ್ನೊಂದು ತಮಾಷೆಯಿದೆ. ಟಿವಿ ಜಾಹೀರಾತು ನೋಡಿ ಬೆಳೆದ ನಾವು ನೊರೆ ಬಂದರೆ ಸ್ವಚ್ಛ ಅಂದುಕೊಂಡಿದ್ದೇವೆ. ಪೈಪಿನೊಳಗೆ ನೊರೆಯೇ ಶತ್ರು. ನೊರೆ ಎದ್ದರೆ ಪಂಪು ಗಾಳಿ ಹಿಡಿಯುತ್ತದೆ, ದ್ರಾವಣದ ವೇಗ ಬಿದ್ದುಹೋಗುತ್ತದೆ. ಸೆಕೆಂಡಿಗೆ ಸುಮಾರು ಒಂದೂವರೆ ಮೀಟರು ವೇಗದಲ್ಲಿ ಸುಳಿಸುಳಿದು ಹರಿದರೆ ಮಾತ್ರ ಪೈಪಿನ ಗೋಡೆಯ ಕೊಳೆ ಏಳುತ್ತದೆ. ಅಂಟುವಾಳದ ಬುರುಗು ಕಂಡವರಿಗೆ ಇದನ್ನು ನಂಬುವುದು ಕಷ್ಟ, ಆದರೂ ಸತ್ಯ. ಹೆಚ್ಚು ಹಾಕಿದರೆ ಹೆಚ್ಚು ಸ್ವಚ್ಛ ಎಂಬುದೂ ಸುಳ್ಳೇ. ಹೆಚ್ಚಾದ ಕಾಸ್ಟಿಕ್ಕನ್ನು ತೊಳೆದು ತೆಗೆಯಲು ಹೆಚ್ಚು ನೀರು ಬೇಕು, ಅಷ್ಟೇ ಲಾಭ. ಗಡಸಾದ ಬೋರ್‌ವೆಲ್ ನೀರಿಗೆ ಬರೀ ಕಾಸ್ಟಿಕ್ ಬೆರೆಸಿದರೆ ಪೈಪಿಗೆ ಹೊಸ ಬಿಳಿ ಪದರವೇ ಕೂರುತ್ತದೆ. ನೀರಿನ ಕ್ಯಾಲ್ಸಿಯಮ್ಮನ್ನು ಹಿಡಿದಿಡುವ ಇನ್ನೊಂದು ಪದಾರ್ಥವನ್ನು ಸೇರಿಸುವುದು ಅದಕ್ಕೇ.

ಇಷ್ಟು ಹೇಳಲು ನನಗೆ ಎಷ್ಟು ಇಂಗ್ಲಿಷ್ ಬೇಕಾಯಿತು? ನಾಲ್ಕಾರು ಹೆಸರು. ಅವೂ ಕನ್ನಡ ಅಕ್ಷರದಲ್ಲಿ ಚೆನ್ನಾಗಿಯೇ ಕೂತಿವೆ. ಹಾಗಿದ್ದರೆ ‘ಟೆಕ್ನಿಕಲ್ ವಿಷಯ ಸ್ವಾಮಿ, ಕನ್ನಡದಲ್ಲಿ ಆಗಲ್ಲ’ ಎನ್ನುವವರು ಯಾರು? ಆಗದಿರುವುದು ಕನ್ನಡಕ್ಕಲ್ಲ, ಅವರಿಗೆ.

ನಾನು ಕಾಲೇಜು ಬಿಟ್ಟ ಹೊಸದರಲ್ಲಿ ಊರಾಚೆಯ ಒಂದು ತಂಪು ಪಾನೀಯದ ಕಾರ್ಖಾನೆಯಲ್ಲಿ ಗುತ್ತಿಗೆ ಕೆಲಸಕ್ಕಿದ್ದೆ. ರಾತ್ರಿ ಪಾಳಿ. ನನ್ನ ಜೊತೆಗಿದ್ದ ಹುಡುಗ ಏಳನೇ ಕ್ಲಾಸು ಕನ್ನಡ ಶಾಲೆಯಲ್ಲಿ ಓದಿದವನು, ಬಸ್ಸಿನಲ್ಲಿ ಪೇಪರು ಸಿಕ್ಕರೆ ಒಂದಕ್ಷರ ಬಿಡದೆ ಓದುವವನು. ಕಾಸ್ಟಿಕ್ ಚೀಲದ ಮೇಲೆ ಎಲ್ಲವನ್ನೂ ಬರೆದಿತ್ತು, ಇಂಗ್ಲಿಷಿನಲ್ಲಿ. ಅವನು ಬಕೆಟ್ಟಿಗೆ ಕಾಸ್ಟಿಕ್ ಹಾಕಿ ಮೇಲಿಂದ ಬಿಸಿನೀರು ಸುರಿದ. ಬೇಗ ಕರಗಲಿ ಎಂದು. ಮಾಡಬೇಕಾದದ್ದು ತಿರುಗಾಮುರುಗ: ತಣ್ಣೀರಿಗೆ ಸ್ವಲ್ಪ ಸ್ವಲ್ಪವೇ ಕಾಸ್ಟಿಕ್ ಹಾಕಬೇಕು, ಕಾಸ್ಟಿಕ್ ಮೇಲೆ ನೀರು ಸುರಿಯಬಾರದು. ಅದು ಕರಗುವಾಗಲೇ ಕುದಿಯುವಷ್ಟು ಕಾಯುತ್ತದೆ. ಬಕೆಟ್ಟು ಬುಸುಗುಟ್ಟಿ ಸಿಡಿಯಿತು. ಎಡಗಣ್ಣಿಗೆ ಬಿತ್ತು.

ಯಾರೋ ಓಡಿಹೋಗಿ ನಿಂಬೆಹಣ್ಣು ತಂದರು. ಸೋಡಾಕ್ಕೆ ಹುಳಿ ಹಾಕಿದರೆ ಸರಿಹೋಗುತ್ತದೆಂಬ ಅರೆಬರೆ ತಿಳಿವಳಿಕೆ! ಪಾತ್ರೆಯಲ್ಲಿ ಸರಿ, ಕಣ್ಣಿನಲ್ಲಿ ಅಲ್ಲ. ಪುಣ್ಯಕ್ಕೆ ಒಬ್ಬ ಹಳೆಯ ಫಿಟ್ಟರ್ ಆ ನಿಂಬೆಹಣ್ಣನ್ನು ಕಿತ್ತೆಸೆದು, ಹುಡುಗನ ತಲೆಯನ್ನು ನಲ್ಲಿಯ ಕೆಳಗೆ ಹಿಡಿದು, ಅವನು ಎಷ್ಟು ಕೂಗಿಕೊಂಡರೂ ಬಿಡಲಿಲ್ಲ. ಕಾಲು ಗಂಟೆಗೂ ಹೆಚ್ಚು ನೀರು, ಬರೀ ನೀರು, ಆಮೇಲೆ ಆಸ್ಪತ್ರೆ. ಕ್ಷಾರದ ಸುಡುಗಾಯ ಆಮ್ಲದ್ದಕ್ಕಿಂತ ಮೋಸದ್ದು, ಒಳಕ್ಕೆ ಇಳಿಯುತ್ತಲೇ ಹೋಗುತ್ತದೆ. ಕಣ್ಣು ಉಳಿಯಿತು, ಅದರ ಮೇಲೊಂದು ಬಿಳಿ ಮಚ್ಚೆಯೂ ಉಳಿಯಿತು. ಸೂಪರ್‌ವೈಸರ್ ಹೇಳಿದ್ದು ಒಂದೇ ಮಾತು: ‘ಚೀಲದ ಮೇಲೆ ಬರೆದಿತ್ತಲ್ಲ?’

ಬರೆದದ್ದನ್ನು ಓದಬಲ್ಲವರೂ ತಪ್ಪುತ್ತಾರೆ, ಒಪ್ಪುತ್ತೇನೆ. 2019ರ ನವೆಂಬರಿನಲ್ಲಿ ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದ ಬರ್ಲಿಂಗ್‌ಟನ್ ಎಂಬಲ್ಲಿ ಒಂದು ಹೋಟೆಲಿನ ಅಡುಗೆಮನೆಯ ನೆಲದ ಮೇಲೆ ಆಮ್ಲದ ಕ್ಲೀನರ್ ಚೆಲ್ಲಿತ್ತು. ಗೊತ್ತಿಲ್ಲದೆ ಅದರ ಮೇಲೆ ಕ್ಲೋರಿನ್ ಇರುವ ಕ್ಲೀನರ್ ಬಿತ್ತು. ಎರಡೂ ಸೇರಿ ವಿಷಗಾಳಿ ಎದ್ದು ಅಲ್ಲಿನ ಮ್ಯಾನೇಜರ್ ಸತ್ತರು, ಹಲವರು ಆಸ್ಪತ್ರೆ ಸೇರಿದರು. ಓದಲು ಬರುವವರ ದೇಶದಲ್ಲೇ ಹೀಗಾದರೆ, ಓದಲಾಗದ ಅಕ್ಷರದ ಎರಡು ಕ್ಯಾನುಗಳನ್ನು ಅಕ್ಕಪಕ್ಕ ಇಟ್ಟು ಅರ್ಧರಾತ್ರಿ ‘ಬೇಗ ಮಾಡೋ’ ಎನ್ನುವ ನಮ್ಮ ಕಡೆಯ ಕತೆ ಏನು? ಬ್ಲೀಚಿಂಗ್ ದ್ರಾವಣಕ್ಕೆ ಆಮ್ಲ ಸೇರಬಾರದು. ಅಲ್ಯೂಮಿನಿಯಂ ಕ್ಯಾನಿಗೆ ಕಾಸ್ಟಿಕ್ ತಾಗಬಾರದು, ಅದು ಲೋಹವನ್ನೇ ತಿಂದು ಹತ್ತಿ ಉರಿಯುವ ಜಲಜನಕ ಬಿಡುತ್ತದೆ. ಬಿಯರ್ ಟ್ಯಾಂಕಿನಲ್ಲಿ ಇಂಗಾಲದ ಡೈ ಆಕ್ಸೈಡ್ ತುಂಬಿರುವಾಗ ಕಾಸ್ಟಿಕ್ ಬಿಟ್ಟರೆ ಕ್ಷಾರ ಆ ಅನಿಲವನ್ನು ಹೀರಿಕೊಂಡು ಒಳಗೆ ನಿರ್ವಾತವಾಗುತ್ತದೆ. ಮನೆಯಷ್ಟೆತ್ತರದ ಉಕ್ಕಿನ ಟ್ಯಾಂಕು ಕಾಗದದ ಲೋಟದಂತೆ ಮುದುಡಬಹುದು. ಒಂದೊಂದೂ ಒಂದೊಂದು ಸಾಲಿನ ಮಾತು. ಕನ್ನಡದ ಸಾಲು.

ಇದು ಕೆಲಸಗಾರನ ಕಣ್ಣಿನ ವಿಷಯ ಮಾತ್ರವಲ್ಲ, ನಿಮ್ಮ ಹೊಟ್ಟೆಯದೂ ಹೌದು. ಆಹಾರ ಸುರಕ್ಷತಾ ಪ್ರಾಧಿಕಾರ 2011ರಲ್ಲಿ ದೇಶದಾದ್ಯಂತ ಹಾಲಿನ ಮಾದರಿ ತೆಗೆದು ನೋಡಿದಾಗ ಕೆಲವದರಲ್ಲಿ ಡಿಟರ್ಜೆಂಟೂ ಸಿಕ್ಕಿತ್ತು. ಹಾಲನ್ನು ಮುಟ್ಟುವ ಪಾತ್ರೆ ಸಲಕರಣೆ ಸರಿಯಾಗಿ ತೊಳೆಯದಿರುವುದರ ಕಡೆಗೆ ಅದು ಬೆರಳು ಮಾಡಿತು. ಕೊನೆಯ ನೀರಿನಲ್ಲಿ ಕ್ಷಾರ ಉಳಿದಿದೆಯೇ ಎಂದು ನೋಡುವುದು ಹೈಸ್ಕೂಲು ಹುಡುಗರ ಕೆಲಸ: ಎರಡು ಹನಿ ಫಿನಾಲ್ಫ್ತಲೀನ್ ಹಾಕಿ, ಗುಲಾಬಿ ಬಣ್ಣ ಬಂದರೆ ಮತ್ತೆ ತೊಳೆಯಿರಿ. ಎಸ್ಸೆಸ್ಸೆಲ್ಸಿಯನ್ನು ಕನ್ನಡದಲ್ಲಿ ಪಾಸು ಮಾಡಿದ ಯಾರಿಗೆ ಇದು ತಿಳಿಯದು?

ಕಾನೂನು ಏನು ಹೇಳುತ್ತದೆ ಎಂದು ಕೇಳುವವರಿಗೆ: ಕಾರ್ಖಾನೆಯಲ್ಲಿ ಹಾಕುವ ನೋಟೀಸು ಇಂಗ್ಲಿಷಿನ ಜೊತೆಗೆ ಹೆಚ್ಚಿನ ಕೆಲಸಗಾರರಿಗೆ ತಿಳಿಯುವ ಭಾಷೆಯಲ್ಲೂ ಇರಬೇಕೆಂದು 1948ರ ಕಾರ್ಖಾನೆ ಕಾಯ್ದೆಯೇ ತನ್ನ 108ನೇ ಕಲಮಿನಲ್ಲಿ ಬರೆದಿತ್ತು. ಅಂಗಡಿ ಪೊಟ್ಟಣಗಳ ಬಗ್ಗೆ ದಿಲ್ಲಿ ಮಾಡಿದ 2011ರ ನಿಯಮ ಹಿಂದಿ ಇಲ್ಲವೇ ಇಂಗ್ಲಿಷ್ ಎನ್ನುತ್ತದೆ, ಬೇರೆ ಭಾಷೆಯನ್ನು ‘ಜೊತೆಗೆ’ ಹಾಕಿಕೊಳ್ಳಲು ಅಡ್ಡಿಯಿಲ್ಲವಂತೆ. ಎಂಥ ಔದಾರ್ಯ! ನಮ್ಮದೇ ರಾಜ್ಯದ 2022ರ ಕನ್ನಡ ಭಾಷಾ ಸಮಗ್ರ ಅಭಿವೃದ್ಧಿ ಕಾಯ್ದೆ ಇಲ್ಲಿ ತಯಾರಾದ ಸರಕಿನ ಹೆಸರು, ಬಳಸುವ ಸೂಚನೆ ಕನ್ನಡದಲ್ಲೂ ಇರಲಿ ಎನ್ನುತ್ತದೆ. ಬಿಸ್ಕತ್ತಿನ ಪೊಟ್ಟಣದ ಮೇಲೆ ಕನ್ನಡ ಕಾಣಲಿಲ್ಲವೆಂದು ಗಲಾಟೆ ಮಾಡುವ ನಾವು ಕಾಸ್ಟಿಕ್ ಚೀಲವನ್ನು ಒಮ್ಮೆಯೂ ತಿರುಗಿಸಿ ನೋಡಿಲ್ಲ. ಬಿಸ್ಕತ್ತು ತಪ್ಪು ಓದಿದರೆ ಯಾರ ಕಣ್ಣೂ ಹೋಗುವುದಿಲ್ಲ. ಪಕ್ಕದಲ್ಲಿ ಒಡಿಯಾ ಓದುವ ಹುಡುಗನಿದ್ದರೆ ಅವನಿಗಾಗಿ ಒಡಿಯಾದಲ್ಲೂ ಬರೆಯಿರಿ, ಅವನ ಕಣ್ಣೂ ಕಣ್ಣೇ.

ಕೆಮಿಸ್ಟ್ರಿ ಓದಿ ಪೀಣ್ಯ, ಬಿಡದಿ, ನೆಲಮಂಗಲದ ಕಡೆ ಕೆಲಸಕ್ಕೆ ಹೋಗುವ ಗೆಳೆಯರೆ, ನಿಮಗೆ ನನ್ನದೊಂದು ಕೋರಿಕೆ. ನಿಮ್ಮ ಕಾರ್ಖಾನೆಯಲ್ಲಿ ಬಳಸುವ ಒಂದೊಂದು ಕ್ಯಾನಿಗೂ ಅರ್ಧ ಪುಟ ಕನ್ನಡ ಬರೆಯಿರಿ. ಇದು ಏನು, ಎಷ್ಟು ನೀರಿಗೆ ಎಷ್ಟು, ಯಾವುದರ ಜೊತೆ ಸೇರಬಾರದು, ಮೈಗೆ ಬಿದ್ದರೆ ಏನು ಮಾಡಬೇಕು. ಅಧಿಕಾರಿ ಬರೆಯಲಿ ಎಂದು ಕಾಯಬೇಡಿ.

ಆ ರಾತ್ರಿಯ ಮರುದಿನ ನಾವು ನಾಲ್ವರು ಸೇರಿ ಕೆಮಿಕಲ್ ರೂಮಿನ ಗೋಡೆಯ ಮೇಲೆ ಇದ್ದಿಲಿನಲ್ಲಿ ದಪ್ಪಕ್ಷರದಲ್ಲಿ ಬರೆದೆವು: ‘ಮೊದಲು ನೀರು, ಆಮೇಲೆ ಕಾಸ್ಟಿಕ್. ಕಣ್ಣಿಗೆ ಬಿದ್ದರೆ ನೀರು, ನೀರು, ನೀರು.’ ಎರಡು ವಾರ ಇತ್ತು. ಆಮೇಲೆ ಆಡಿಟ್ಟಿನವರು ಬರುತ್ತಾರೆಂದು ಗೋಡೆಗೆ ಸುಣ್ಣ ಬಳಿದರು. ಅದೇ ಜಾಗದಲ್ಲಿ ಪ್ಲಾಸ್ಟಿಕ್ ಹೊದಿಸಿದ ಒಂದು ಹಾಳೆ ತೂಗುಹಾಕಿದರು, ಪೂರ್ತಿ ಇಂಗ್ಲಿಷಿನಲ್ಲಿ.