ಗಾಲಿಕುರ್ಚಿ ಕೊಟ್ಟಿರಿ, ಬಾಗಿಲು ಅಗಲ ಮಾಡುವವರು ಯಾರು?

ಪ್ರತಿ ವರ್ಷ ಡಿಸೆಂಬರ್ 3ರ ಆಸುಪಾಸಿನಲ್ಲಿ ನಮ್ಮ ತಾಲ್ಲೂಕು ಕೇಂದ್ರಗಳಲ್ಲಿ ಶಾಮಿಯಾನ ಏಳುತ್ತದೆ. ವಿಶ್ವ ವಿಕಲಚೇತನರ ದಿನಾಚರಣೆ. ಹಾರ, ಭಾಷಣ, ಫೋಟೊ, ಸಾಲಾಗಿ ನಿಲ್ಲಿಸಿದ ಹೊಸ ಗಾಲಿಕುರ್ಚಿಗಳು. ಸಂಜೆ ಆ ಕುರ್ಚಿಗಳು ಟೆಂಪೊ ಏರಿ ಊರು ಸೇರುತ್ತವೆ. ಆಮೇಲೇನು? ಅಂಗಳದಿಂದ ಜಗಲಿಗೆ ಮೂರು ಮೆಟ್ಟಿಲು. ಜಗಲಿ ದಾಟಿದರೆ ಎತ್ತರದ ಹೊಸ್ತಿಲು. ನಡುಮನೆಯ ಬಾಗಿಲು ಎರಡೂವರೆ ಅಡಿ. ಚೌಕಟ್ಟು ಕಳೆದರೆ ಉಳಿಯುವುದು ಎರಡು ಅಡಿ ಚಿಲ್ಲರೆ. ಸಾಮಾನ್ಯ ಗಾಲಿಕುರ್ಚಿಯೇ ಎರಡು ಅಡಿಗಿಂತ ಅಗಲ. ಬಚ್ಚಲು ಹಿತ್ತಿಲಲ್ಲಿ, ಕಕ್ಕಸು ಅದಕ್ಕೂ ಆಚೆ. ಹೀಗಾಗಿ ಕುರ್ಚಿ ಅಂಗಳದಲ್ಲೇ ಉಳಿಯುತ್ತದೆ. ಅದರ ಬೆನ್ನಿಗೆ ಒಗೆದ ಟವೆಲ್ಲು ಒಣಗುತ್ತದೆ. ಯಾರ ಹೆಸರಿನಲ್ಲಿ ಅದು ಮಂಜೂರಾಯಿತೋ ಅವರು ಒಳಗೆ ಚಾಪೆಯ ಮೇಲಿರುತ್ತಾರೆ.

ಸರ್ಕಾರ ಕುರ್ಚಿ ಕೊಡುತ್ತದೆ, ಊರುಗೋಲು ಕೊಡುತ್ತದೆ, ಶ್ರವಣಸಾಧನ ಕೊಡುತ್ತದೆ, ಮಾಸಾಶನ ಕೊಡುತ್ತದೆ. ಇವೆಲ್ಲ ಬೇಕಾದವೇ. ಇವನ್ನು ಪಡೆಯಲು ಎಷ್ಟು ಜನ ಎಷ್ಟು ವರ್ಷ ಹೋರಾಡಿದ್ದಾರೆಂದು ಬಲ್ಲವರು ಯಾರೂ ಇವನ್ನು ಹಗುರವಾಗಿ ಕಾಣಲಾರರು. ಆದರೆ ಆ ವ್ಯಕ್ತಿ ದಿನದ ಇಪ್ಪತ್ತನಾಲ್ಕು ಗಂಟೆ ಕಳೆಯುವ ಮನೆಯನ್ನು ಅವರ ದೇಹಕ್ಕೆ ಹೊಂದಿಸಿಕೊಡುವ ಕೆಲಸ ಯಾರ ಹೊಣೆ? ಇದು ನಮ್ಮಲ್ಲಿ ಯಾರ ಕಡತದಲ್ಲೂ ಸರಿಯಾಗಿ ಬರೆದಿಲ್ಲ. ಮನೆ ಖಾಸಗಿ, ಅದು ಮನೆಯವರ ಪಾಡು ಎಂದು ನಾವೆಲ್ಲ ಸುಮ್ಮನಿದ್ದೇವೆ. ಈ ಮೌನವನ್ನು ಮುರಿಯಬೇಕು ಎಂದು ಕೇಳಿಕೊಳ್ಳಲು ಇದನ್ನು ಬರೆಯುತ್ತಿದ್ದೇನೆ.

ನಿಮ್ಮ ಬೀದಿಯಲ್ಲೂ ಇರಬಹುದಾದ ಒಂದು ಮನೆಯನ್ನು ನೆನೆಯಿರಿ. ಲಕ್ವ ಹೊಡೆದು ಎಡಭಾಗ ಸತ್ತುಹೋದ ಅರವತ್ತರ ಹೆಂಗಸು. ಮಗ ಕೆಲಸಕ್ಕೆ ಹೋದರೆ ಬರುವುದು ಸಂಜೆ ಆರಕ್ಕೆ. ಸೊಸೆ ತೆಳ್ಳಗಿನ ಹುಡುಗಿ, ಒಬ್ಬಳೇ ಎತ್ತಲಾರಳು. “ಅತ್ತೆ, ಒಂದು ಲೋಟ ಮಜ್ಜಿಗೆ ಕೊಡ್ಲಾ?” ಎಂದರೆ “ಬೇಡಮ್ಮ, ದಾಹವಿಲ್ಲ” ಎನ್ನುತ್ತಾರೆ. ಏಪ್ರಿಲ್ ತಿಂಗಳ ಬಿಸಿಲು, ಶೀಟಿನ ಮಾಡು, ದಾಹವಿಲ್ಲವಂತೆ. ಕುಡಿದರೆ ಹೋಗಬೇಕಾಗುತ್ತದೆ, ಹೋಗಬೇಕಾದರೆ ಮಗ ಬರಬೇಕು. ಹಾಗಾಗಿ ಬೆಳಗಿನ ಅರ್ಧ ಲೋಟ ಕಾಫಿಯ ಮೇಲೆ ದಿನ ದೂಡುತ್ತಾರೆ. ನೀರು ಕಡಿಮೆಯಾಗಿ ಮೂತ್ರದ ಸೋಂಕು, ಸೋಂಕಿನಿಂದ ಜ್ವರ, ಜ್ವರ ಬಂದರೆ ಆಟೊ ಮಾಡಿಕೊಂಡು ಆಸ್ಪತ್ರೆ. ಮಲಗಿದ ಮಗ್ಗುಲಲ್ಲೇ ಹುಣ್ಣು. ಇದಕ್ಕೆಲ್ಲ ಬೇಕಿದ್ದ ಮದ್ದು ಏನು? ಮಲಗುವ ಕೋಣೆಯ ಪಕ್ಕದಲ್ಲೊಂದು ಕಮೋಡು, ಅದರ ಬಲಗಡೆ ಗೋಡೆಗೆ ಗಟ್ಟಿಯಾಗಿ ಕೂರಿಸಿದ ಒಂದು ಹಿಡಿಕಂಬಿ, ಕಾಲು ಜಾರದ ನೆಲ. ಊರಿನ ಮೇಸ್ತ್ರಿಗೆ ಕೆಲವೇ ದಿನಗಳ ಕೆಲಸ.

ಈ ಕೆಲಸವನ್ನು ಕಾನೂನಿನ ಬಲದಿಂದ, ಸಾರ್ವಜನಿಕ ಹಣದಲ್ಲಿ ಮಾಡಿಕೊಡುವ ದೇಶಗಳಿವೆ. ಬ್ರಿಟನ್ನಿನಲ್ಲಿ ಆಲ್ಫ್ ಮಾರಿಸ್ ಎಂಬ ಸಂಸದ 1970ರಲ್ಲಿ ಖಾಸಗಿ ಮಸೂದೆಯೊಂದನ್ನು ಕಾನೂನಾಗಿಸಿದರು. ವಿಕಲಚೇತನರ ಮನೆಯ ಮಾರ್ಪಾಡಿಗೆ ನೆರವಾಗುವುದನ್ನು ಅದು ಸ್ಥಳೀಯ ಆಡಳಿತದ ಕರ್ತವ್ಯಗಳಲ್ಲಿ ಸೇರಿಸಿತು. ಮುಂದೆ 1989ರ ಕಾಯ್ದೆಯಲ್ಲಿ ಇದಕ್ಕೆಂದೇ ಪ್ರತ್ಯೇಕ ಅನುದಾನ ಬಂತು. ಈಗ ಅಲ್ಲಿ ಜಾರಿಯಲ್ಲಿರುವುದು 1996ರ ಕಾಯ್ದೆ. ಅರ್ಹರಾದವರಿಗೆ ಈ ಅನುದಾನ ಕೊಡುವುದು ಕಡ್ಡಾಯ. ಬಜೆಟ್ ಮುಗಿಯಿತು ಎಂಬ ಕಾರಣಕ್ಕೆ ಅರ್ಜಿ ತಳ್ಳಿಹಾಕುವಂತಿಲ್ಲ. ಪೂರ್ಣ ಅರ್ಜಿ ಕೈಸೇರಿದ ಆರು ತಿಂಗಳೊಳಗೆ ಲಿಖಿತ ಉತ್ತರ ಕೊಡಬೇಕು. ಇಂಗ್ಲೆಂಡಿನಲ್ಲಿ ಒಂದು ಅರ್ಜಿಗೆ ಗರಿಷ್ಠ 30,000 ಪೌಂಡ್, ವೇಲ್ಸ್‌ನಲ್ಲಿ 36,000 ಪೌಂಡ್. ದೊಡ್ಡವರ ಅರ್ಜಿಗೆ ಆದಾಯ ನೋಡುತ್ತಾರೆ. ಮಕ್ಕಳ ವಿಷಯದಲ್ಲಿ 2005ರಿಂದ ಇಂಗ್ಲೆಂಡಿನಲ್ಲಿ ಹೆತ್ತವರ ಆದಾಯ ಕೇಳುವುದನ್ನೇ ಬಿಟ್ಟರು. ಸ್ವಂತ ಮನೆಯವರಷ್ಟೇ ಅಲ್ಲ, ಬಾಡಿಗೆಯವರೂ ಅರ್ಜಿ ಹಾಕಬಹುದು.

ಆ 1996ರ ಕಾಯ್ದೆಯ 23ನೇ ಸೆಕ್ಷನ್ನು ಓದುವಾಗ ನನ್ನ ಮನಸ್ಸು ಕಲಕಿತು. ಯಾವ ಯಾವ ಕೆಲಸಕ್ಕೆ ಹಣ ಕೊಡಬೇಕೆಂಬ ಪಟ್ಟಿ ಅದು. ಮನೆಯೊಳಗೆ ಬರಲು, ಹೊರಗೆ ಹೋಗಲು. ಮನೆಯವರೆಲ್ಲ ಕೂರುವ ಕೋಣೆಗೆ ತಲುಪಲು. ಮಲಗಲು, ಶೌಚಕ್ಕೆ ಹೋಗಲು, ಸ್ನಾನ ಮಾಡಲು, ಮುಖ ತೊಳೆಯಲು. ಅಡುಗೆ ಮಾಡಲು. ಚಳಿಗೆ ಮನೆ ಬೆಚ್ಚಗಿಡಲು. ದೀಪದ ಸ್ವಿಚ್ಚು ಕೈಗೆ ಎಟುಕಲು. ಇಷ್ಟಾದ ಮೇಲೆ ಇನ್ನೊಂದು ಮಾತಿದೆ: ವಿಕಲಚೇತನ ವ್ಯಕ್ತಿ ತನ್ನನ್ನು ಅವಲಂಬಿಸಿದ ಬೇರೊಬ್ಬರನ್ನು ನೋಡಿಕೊಳ್ಳುತ್ತಿದ್ದರೆ, ಅದಕ್ಕಾಗಿ ಮನೆಯೊಳಗೆ ಓಡಾಡಲು ಬೇಕಾದ ಮಾರ್ಪಾಡಿಗೂ ಹಣ ಕೊಡಬೇಕು. ಅಂದರೆ ಈ ಕಾನೂನಿನ ಕಣ್ಣಲ್ಲಿ ಅವರು ಆರೈಕೆ ಪಡೆಯುವವರಷ್ಟೇ ಅಲ್ಲ. ಅವರು ಮಗುವಿಗೆ ಸ್ನಾನ ಮಾಡಿಸುವ ತಾಯಿ, ಹಾಸಿಗೆ ಹಿಡಿದ ಹೆಂಡತಿಗೆ ಗಂಜಿ ಕೊಡುವ ಗಂಡ. ನಮ್ಮ ಯಾವ ಅರ್ಜಿ ನಮೂನೆಯಲ್ಲಾದರೂ ಈ ಪ್ರಶ್ನೆಗೆ ಒಂದು ಖಾನೆ ಇದೆಯೇ? ಗಾಲಿಕುರ್ಚಿಯ ಹೆಣ್ಣುಮಗಳಿಗೆ ಒಲೆಯ ಕಟ್ಟೆ ಎಷ್ಟು ಎತ್ತರವಿರಬೇಕು ಎಂದು ಯಾವ ಅಧಿಕಾರಿ ಕೇಳಿದ್ದಾರೆ? ಆಕೆ ಅಡುಗೆ ಮಾಡಬಲ್ಲಳು ಎಂಬುದೇ ನಮಗೆ ಹೊಳೆಯುವುದಿಲ್ಲ.

ಅಲ್ಲಿ ಎಲ್ಲವೂ ಸರಿಯಿದೆ ಎಂದು ನಾನು ಹೇಳುತ್ತಿಲ್ಲ. ಇಂಗ್ಲೆಂಡಿನ 30,000 ಪೌಂಡ್ ಮಿತಿ 2008ರಲ್ಲಿ ನಿಂತದ್ದು ನಿಂತೇ ಇದೆ. ಅಷ್ಟರಲ್ಲಿ ಗಾರೆ, ಮರ, ಕೂಲಿ ಎಲ್ಲದರ ಬೆಲೆಯೂ ಏರಿದೆ. ಅರ್ಜಿಗೆ ಮುಂಚಿನ ಪರಿಶೀಲನೆಗೇ ತಿಂಗಳುಗಟ್ಟಲೆ ಕಾಯಿಸುವ ಕೌನ್ಸಿಲ್‌ಗಳಿವೆ, ಅವುಗಳನ್ನು ಅಲ್ಲಿನ ದೂರು ವಿಚಾರಿಸುವ ಒಂಬುಡ್ಸ್‌ಮನ್ ತರಾಟೆಗೆ ತೆಗೆದುಕೊಂಡ ದಾಖಲೆಯಿದೆ. ಆದರೆ ತಡವಾದರೆ ದೂರು ಕೊಡಲು ಅಲ್ಲಿ ಒಂದು ಹಕ್ಕು ಇದೆ. ನಮ್ಮಲ್ಲಿ ತಡವಾಯಿತು ಎನ್ನಲು ಅರ್ಜಿಯೇ ಇಲ್ಲ. ಇಷ್ಟು ದೊಡ್ಡ ಖರ್ಚಿನ ಮಾತು ನಮಗೇಕೆ ಎನ್ನುವವರು ಜಪಾನಿನತ್ತಲೂ ನೋಡಲಿ. 2000ದಲ್ಲಿ ಜಾರಿಗೆ ಬಂದ ಅಲ್ಲಿನ ದೀರ್ಘಾವಧಿ ಆರೈಕೆ ವಿಮೆ ಮನೆ ಮಾರ್ಪಾಡಿಗೆ 2 ಲಕ್ಷ ಯೆನ್‌ವರೆಗಿನ ವೆಚ್ಚವನ್ನು ಒಳಗೊಳ್ಳುತ್ತದೆ. ಕೆಲಸಗಳು ಬಲು ಸಣ್ಣವು: ಹಿಡಿಕಂಬಿ ಹಾಕುವುದು, ಹೊಸ್ತಿಲಿನ ಎತ್ತರ ತೆಗೆಯುವುದು, ಜಾರದ ನೆಲ, ಸರಿಯುವ ಬಾಗಿಲು, ಕುಕ್ಕರುಗಾಲಿನ ಕಕ್ಕಸನ್ನು ಕುಳಿತುಕೊಳ್ಳುವ ಕಮೋಡಾಗಿ ಬದಲಿಸುವುದು. ಕೊನೆಯದು ನಮ್ಮ ಮನೆಮನೆಯ ಸಮಸ್ಯೆ.

ಈಗ ನಮ್ಮ ಕಾನೂನಿಗೆ ಬರೋಣ. ವಿಶ್ವಸಂಸ್ಥೆಯ ಅಂಗವಿಕಲರ ಹಕ್ಕುಗಳ ಒಡಂಬಡಿಕೆಯನ್ನು ಭಾರತ 2007ರಲ್ಲೇ ಅನುಮೋದಿಸಿತು. 2016ರಲ್ಲಿ ಅಂಗವಿಕಲರ ಹಕ್ಕುಗಳ ಕಾಯ್ದೆ ಬಂತು. ಸಮುದಾಯದ ನಡುವೆ ಬದುಕುವ ಹಕ್ಕು ಅವರಿಗಿದೆ ಎನ್ನುತ್ತದೆ ಅದರ 5ನೇ ಸೆಕ್ಷನ್ನು. 24ನೇ ಸೆಕ್ಷನ್ನಿನಲ್ಲಿ ಶುದ್ಧ ಕುಡಿಯುವ ನೀರಿನ ಜೊತೆಗೆ ಅವರು ಬಳಸಲಾಗುವಂಥ ಶೌಚ ವ್ಯವಸ್ಥೆಯೂ ಬೇಕೆಂದು, ಅದರಲ್ಲೂ ಕೊಳೆಗೇರಿ ಮತ್ತು ಹಳ್ಳಿಗಳಲ್ಲಿ ಬೇಕೆಂದು ಸ್ಪಷ್ಟವಾಗಿ ಬರೆದಿದೆ. 37ನೇ ಸೆಕ್ಷನ್ನು ವಸತಿ ಯೋಜನೆಗಳಲ್ಲಿ ಶೇ 5ರಷ್ಟನ್ನು ಮೀಸಲಿಡುತ್ತದೆ. ಆದರೆ 24ನೇ ಸೆಕ್ಷನ್ನಿನ ಆರಂಭದಲ್ಲೇ ಸರ್ಕಾರದ ‘ಆರ್ಥಿಕ ಸಾಮರ್ಥ್ಯದ ಮಿತಿಯೊಳಗೆ’ ಎಂಬ ಮಾತು ಕೂತಿದೆ. ಆ ಒಂದು ಮಾತಿನ ಮರೆಯಲ್ಲಿ ಎಷ್ಟೋ ಹೊಣೆಗಳು ಅಡಗಿಕೊಂಡಿವೆ.

ಶೇ 5ರಲ್ಲಿ ಮನೆ ಸಿಕ್ಕಿತೆಂದೇ ಇಟ್ಟುಕೊಳ್ಳಿ. ಪ್ರಧಾನಮಂತ್ರಿ ಆವಾಸ್ ಯೋಜನೆಯಲ್ಲಿ ಬಯಲು ಪ್ರದೇಶದ ಗ್ರಾಮೀಣ ಮನೆಗೆ 1.20 ಲಕ್ಷ ರೂಪಾಯಿ. ಎಲ್ಲರಿಗೂ ಅಷ್ಟೇ, ಇವರಿಗೂ ಅಷ್ಟೇ. ಮೇಸ್ತ್ರಿ ಎಲ್ಲರಿಗೂ ಕಟ್ಟುವ ಹಾಗೆ ಎತ್ತರದ ತಳಪಾಯ ಕಟ್ಟಿ, ಎಲ್ಲರಿಗೂ ಇಡುವ ಹಾಗೆ ಮೆಟ್ಟಿಲು ಇಡುತ್ತಾನೆ. ಒಂದು ಅಡಿ ಎತ್ತರಕ್ಕೆ ಹನ್ನೆರಡು ಅಡಿ ಉದ್ದದ ಇಳಿಜಾರು ಬೇಕು ಎಂಬುದು ಮಾನದಂಡ. ಎರಡು ಅಡಿ ತಳಪಾಯದ ಮನೆಗೆ ಇಪ್ಪತ್ತನಾಲ್ಕು ಅಡಿ. ಅಷ್ಟು ಜಾಗ ನಿವೇಶನದಲ್ಲೇ ಇರುವುದಿಲ್ಲ. ಹಾಗಿದ್ದರೆ ತಳಪಾಯವನ್ನೇ ತಗ್ಗಿಸಬೇಕಿತ್ತು, ನಕ್ಷೆ ಬರೆಯುವಾಗಲೇ ಯೋಚಿಸಬೇಕಿತ್ತು. ಶೌಚಾಲಯದ ಕಥೆಯೂ ಇದೇ. ಸ್ವಚ್ಛ ಭಾರತದ 12,000 ರೂಪಾಯಿ ಪ್ರೋತ್ಸಾಹಧನಕ್ಕೆ ಬಡತನ ರೇಖೆಗಿಂತ ಮೇಲಿನವರಲ್ಲೂ ಅಂಗವಿಕಲರ ಕುಟುಂಬಗಳನ್ನು ಅರ್ಹರೆಂದು ಸೇರಿಸಿದರು. ಅದು ಒಳ್ಳೆಯ ಮನಸ್ಸಿನ ತೀರ್ಮಾನ. ಆದರೆ ಆ ಹಣದಲ್ಲಿ ಎದ್ದು ನಿಂತದ್ದು ಕುರ್ಚಿ ಒಳಗೆ ಹೋಗದ, ಹೋದರೂ ತಿರುಗದ ಇಕ್ಕಟ್ಟಿನ ಗೂಡು. ಅಂಗವಿಕಲನ ಹೆಸರಿನಲ್ಲಿ ಕಟ್ಟಿದ ಶೌಚಾಲಯಕ್ಕೆ ಆತನನ್ನು ಬಿಟ್ಟು ಉಳಿದವರೆಲ್ಲ ಹೋಗುತ್ತಾರೆ. ಕಡತದಲ್ಲಿ ಆ ಮನೆ ಬಯಲು ಶೌಚ ಮುಕ್ತ.

2024ರ ನವೆಂಬರ್ 8ರಂದು ರಾಜೀವ್ ರತೂರಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಕೊಟ್ಟ ತೀರ್ಪು ದೊಡ್ಡದು. ಪ್ರವೇಶಸಾಧ್ಯತೆಯ ಮಾನದಂಡಗಳು ಬರಿಯ ಸಲಹೆಯಾಗಿ ಉಳಿಯಬಾರದು, ಕಡ್ಡಾಯ ನಿಯಮಗಳಾಗಬೇಕು ಎಂದಿತು. ಕಚೇರಿ, ನಿಲ್ದಾಣ, ರಸ್ತೆಗಳಿಗೆ ಇದರಿಂದ ಬಲ ಬಂದಿದೆ. ಆದರೆ ಹಾಸಿಗೆಯಿಂದ ಬೀದಿಯವರೆಗೆ ಬರಲಾಗದವರಿಗೆ ರೈಲು ನಿಲ್ದಾಣದ ಲಿಫ್ಟು ಏನು ಮಾಡೀತು?

ದಕ್ಷಿಣ ಕನ್ನಡದ ಕೊಕ್ಕಡದ ಸುತ್ತಮುತ್ತ ಅಂಥವರಿರುವ ಎಂಡೋಸಲ್ಫಾನ್ ಬಾಧಿತ ಕುಟುಂಬಗಳಿವೆ. ಸರ್ಕಾರಿ ಗೇರು ನಿಗಮದ ತೋಟಗಳ ಮೇಲೆ ಹೆಲಿಕಾಪ್ಟರ್‌ನಿಂದ ಸುರಿದ ಕೀಟನಾಶಕ ವಿಷ ಅದು. 2011ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ನಿಷೇಧಿಸಿತು. ಅದರಿಂದ ಅಂಗವಿಕಲರಾದ ಅಂದಿನ ಮಕ್ಕಳು ಇಂದು ದೊಡ್ಡವರು. ಆಗ ಎತ್ತಿಕೊಂಡು ಬಚ್ಚಲಿಗೆ ಒಯ್ಯುತ್ತಿದ್ದ ತಾಯಂದಿರಿಗೆ ವಯಸ್ಸಾಗಿದೆ, ಸೊಂಟ ಬಿದ್ದುಹೋಗಿದೆ. ಮಗನ ತೂಕ ಮಾತ್ರ ಏರುತ್ತಲೇ ಇದೆ. ಮಾಸಾಶನ ಬರುತ್ತದೆ, ಅದರಿಂದ ಔಷಧ ಬರುತ್ತದೆ. ಸಮತಟ್ಟಾದ ಬಚ್ಚಲು ಬರುವುದಿಲ್ಲ. ಮಲೆನಾಡಿನಲ್ಲಿ ಅಡಿಕೆ ಮರದಿಂದ ಬಿದ್ದು ಬೆನ್ನುಹುರಿಗೆ ಪೆಟ್ಟು ಮಾಡಿಕೊಂಡ ಕೊನೆಗಾರರ ಮನೆಗಳಲ್ಲೂ ಇದೇ ಪಾಡು. ನಮ್ಮ ತಟ್ಟೆಗೆ ಗೋಡಂಬಿ, ಎಲೆಗೆ ಅಡಿಕೆ ತಂದುಕೊಟ್ಟ ದುಡಿಮೆಯ ಬೆಲೆಯನ್ನು ಈ ಮನೆಗಳು ತೆತ್ತಿವೆ. ಇದು ನಮ್ಮೆಲ್ಲರ ಸಾಲ.

‘ಮನೆಯವರು ನೋಡಿಕೊಳ್ಳುತ್ತಾರೆ, ನಮ್ಮದು ಕುಟುಂಬ ಪದ್ಧತಿ’ ಎನ್ನುವ ಮಾತು ಹಣವಿಲ್ಲ ಎಂಬ ನೆಪಕ್ಕಿಂತ ಅಪಾಯಕಾರಿ. ಹೌದು, ನೋಡಿಕೊಳ್ಳುತ್ತಾರೆ. ತಾಯಿ ನೋಡಿಕೊಳ್ಳುತ್ತಾಳೆ, ಹೆಂಡತಿ ನೋಡಿಕೊಳ್ಳುತ್ತಾಳೆ, ಶಾಲೆ ಬಿಟ್ಟ ತಂಗಿ ನೋಡಿಕೊಳ್ಳುತ್ತಾಳೆ. ಸೇವೆ, ಪುಣ್ಯ ಎಂಬ ಹೆಸರಿಟ್ಟು ನಾವು ಅವರ ಬೆನ್ನುಮೂಳೆಯನ್ನು ಸವೆಸುತ್ತಿದ್ದೇವೆ. ಬೆಳೆದ ಮಗಳನ್ನು ಅಪ್ಪ ಶೌಚಕ್ಕೆ ಎತ್ತಿಕೊಂಡು ಹೋಗಬೇಕಾದಾಗ ಆ ಇಬ್ಬರೂ ತಲೆತಗ್ಗಿಸುವುದನ್ನು ಕಂಡವರು ಕುಟುಂಬ ಪದ್ಧತಿಯ ಮಾತೆತ್ತಲಾರರು. ಪ್ರೀತಿಯಿದ್ದರೂ ಮಾನ ಬೇಕು. ತನ್ನ ಸ್ನಾನವನ್ನು ತಾನೇ ಮಾಡಿಕೊಳ್ಳುವುದು ಐಷಾರಾಮವಲ್ಲ.

ಕರ್ನಾಟಕಕ್ಕೆ ದಾರಿ ಹೊಸದಾಗಿ ಕಡಿಯಬೇಕಿಲ್ಲ. ಗ್ರಾಮ ಪಂಚಾಯಿತಿ, ನಗರ ಸ್ಥಳೀಯ ಸಂಸ್ಥೆಗಳು ಶೇ 5ರಷ್ಟು ಹಣವನ್ನು ವಿಕಲಚೇತನರ ಕಲ್ಯಾಣಕ್ಕೆ ಮೀಸಲಿಡಬೇಕೆಂಬ ನಿಯಮ ಈಗಾಗಲೇ ಇದೆ. ಪಂಚಾಯಿತಿಗೊಬ್ಬರು ಗ್ರಾಮೀಣ ಪುನರ್ವಸತಿ ಕಾರ್ಯಕರ್ತರಿದ್ದಾರೆ, ಜನರ ಬಾಯಲ್ಲಿ ವಿಆರ್‌ಡಬ್ಲ್ಯು. ಹೆಚ್ಚಿನವರು ಸ್ವತಃ ಅಂಗವೈಕಲ್ಯ ಉಳ್ಳವರು, ಅಲ್ಪ ಗೌರವಧನಕ್ಕೆ ದುಡಿಯುವವರು. ಯಾರ ಮನೆಯಲ್ಲಿ ಎಷ್ಟು ಮೆಟ್ಟಿಲಿದೆ ಎಂದು ಬೆಂಗಳೂರಿನ ಯಾವ ಅಧಿಕಾರಿಗಿಂತಲೂ ಚೆನ್ನಾಗಿ ಅವರಿಗೆ ಗೊತ್ತು. 2011ರ ಜನಗಣತಿಯ ಪ್ರಕಾರವೇ ರಾಜ್ಯದಲ್ಲಿ 13 ಲಕ್ಷಕ್ಕೂ ಹೆಚ್ಚು ಅಂಗವಿಕಲರಿದ್ದಾರೆ. ಎಲ್ಲರಿಗೂ ಮನೆ ಮಾರ್ಪಾಡು ಬೇಕಿಲ್ಲ. ಬೇಕಾದವರ ಪಟ್ಟಿ ಮಾಡಿ, ಮನೆಗೆ ಹೋಗಿ ಅಳತೆ ತೆಗೆದು, ಅಂದಾಜು ಪಟ್ಟಿ ಬರೆದು, ಕ್ರಿಯಾ ಯೋಜನೆಯಲ್ಲಿ ಸೇರಿಸಿದರೆ ಕೆಲಸ ಈ ವರ್ಷವೇ ಶುರುವಾಗಬಹುದು. ಒಂದು ಎಚ್ಚರ ಮಾತ್ರ ಬೇಕು. ಅಳತೆ ಆ ವ್ಯಕ್ತಿಯ ಎದುರಿನಲ್ಲೇ ಆಗಬೇಕು. ಯಾವ ಕೈಗೆ ಬಲವಿದೆ, ಕಂಬಿ ಯಾವ ಕಡೆ ಬೇಕು ಎಂದು ಅವರನ್ನೇ ಕೇಳಬೇಕು. ಬಿಲ್ಲು ಪಾಸಾಗಲೆಂದು ಕಟ್ಟುವ ಜಾರುಬಂಡೆಯಂಥ ಇಳಿಜಾರುಗಳನ್ನು ನಾವು ಸಾಕಷ್ಟು ನೋಡಿದ್ದೇವೆ.

ಆದರೆ ಪಂಚಾಯಿತಿಯ ದಯೆಯ ಮೇಲೆ ಇದು ನಿಲ್ಲಬಾರದು. ಶಾಸಕರೇ, ವಿಧಾನಸಭೆಯಲ್ಲಿ ಇದನ್ನು ಕಾನೂನು ಮಾಡಿ. ಮನೆ ಮಾರ್ಪಾಡಿನ ಅನುದಾನ ಹಕ್ಕೆಂದು ಬರೆಯಿರಿ, ಅರ್ಜಿಗೆ ಇಷ್ಟೇ ದಿನದಲ್ಲಿ ಉತ್ತರ ಕೊಡಬೇಕೆಂದು ಬರೆಯಿರಿ, ಬಾಡಿಗೆ ಮನೆಯವರನ್ನೂ ಬಿಡಬೇಡಿ. ಒಮ್ಮೆ ಶೌಚಾಲಯದ ಹಣ ಪಡೆದಿದ್ದೀರಿ, ಮತ್ತೆ ಕೊಡುವುದಿಲ್ಲ ಎಂಬ ಮಾತು ಇವರ ಮಟ್ಟಿಗೆ ನಿಲ್ಲಲಿ. ವಸತಿ ಯೋಜನೆಯ ಎಂಜಿನಿಯರುಗಳೇ, ಶೇ 5ರ ಮನೆಗಳಿಗೆ ಬೇರೆ ನಕ್ಷೆ ಬರೆಯಿರಿ. ಮನೆ ಮಾಲೀಕರೇ, ಬಾಡಿಗೆಯವರು ಬಚ್ಚಲ ಗೋಡೆಗೆ ಒಂದು ಕಂಬಿ ಹಾಕಿಕೊಳ್ಳುತ್ತೇನೆ ಎಂದಾಗ ಇಲ್ಲವೆನ್ನಬೇಡಿ.

ಓದುಗರಲ್ಲಿ ನನ್ನದು ಒಂದೇ ಬೇಡಿಕೆ. ನಿಮ್ಮೂರಿನ ಮುಂದಿನ ಗ್ರಾಮಸಭೆಗೋ ವಾರ್ಡ್ ಸಭೆಗೋ ಹೋಗಿ. ಅಲ್ಲಿಗೆ ಬರಲಾಗದವರ ಪರವಾಗಿ ಎದ್ದು ನಿಂತು ಕೇಳಿ: ಕಳೆದ ವರ್ಷದ ಶೇ 5ರ ಹಣದಲ್ಲಿ ಎಷ್ಟು ಮನೆಗಳ ಬಚ್ಚಲು, ಬಾಗಿಲು, ಹೊಸ್ತಿಲು ಬದಲಾದವು? ಉತ್ತರವನ್ನು ನಡಾವಳಿ ಪುಸ್ತಕದಲ್ಲಿ ಬರೆಸಿಯೇ ಮನೆಗೆ ಬನ್ನಿ.