ನೀಲಿ ದೀಪ ಉರಿಯುತ್ತಿದೆ, ಕೆಲಸ ಮಾಡ್ತಿದೆಯಾ?

ಹುಟ್ಟಿದ ಮಗುವಿಗೆ ಕಾಮಾಲೆ ಅಂದ ಕೂಡಲೇ ನಮ್ಮ ಕಡೆ ಬರೋ ಮೊದಲ ಸಲಹೆ, "ಎಳೆ ಬಿಸಿಲಿಗೆ ಹಿಡೀರಿ." ಕೂಕಲ್ತೊರೈನ ಮಳೆಗಾಲದ ಮಂಜಿನಲ್ಲಿ ಬಿಸಿಲು ಎಲ್ಲಿಂದ ತರೋದು? ಬಿಸಿಲು ಬಂದರೂ ಈ ಚಳಿಯಲ್ಲಿ ಹಸುಗೂಸಿನ ಬಟ್ಟೆ ಬಿಚ್ಚೋದೇ ಅಪಾಯ.

ತಿಂಗಳು ತುಂಬಿ ಹುಟ್ಟಿದ 100 ಮಕ್ಕಳಲ್ಲಿ ಸುಮಾರು 60 ಮಕ್ಕಳಿಗೆ ಮೊದಲ ವಾರ ಹಳದಿ ಕಾಣಿಸುತ್ತೆ. ಹೆಚ್ಚಿನವರಿಗೆ ತಾನಾಗೇ ಇಳಿಯುತ್ತೆ. ಇಳಿಯದೆ ಬಿಲಿರುಬಿನ್ ಏರುತ್ತಾ ಹೋದರೆ ಮಿದುಳಿಗೆ ಪೆಟ್ಟು, ಕಿವುಡು, ಜೀವನಪೂರ್ತಿ ಅಂಗವೈಕಲ್ಯ. ಇದನ್ನು ತಡೆಯೋದು ಆಸ್ಪತ್ರೆಯ ನೀಲಿ ದೀಪ, ಅಂದರೆ ಫೋಟೊಥೆರಪಿ.

ಗೆಳೆಯರೇ, ಇಲ್ಲೇ ಒಂದು ಮೋಸ ಇದೆ. ಟ್ಯೂಬ್ ಹಳತಾದರೆ ಕಣ್ಣಿಗೆ ಗೊತ್ತಾಗಲ್ಲ. ನೀಲಿಯಾಗಿ ಉರೀತಾನೇ ಇರುತ್ತೆ, ಆದರೆ ಮದ್ದಿನ ಬಲ ಇಳಿದಿರುತ್ತೆ. ಅದಕ್ಕೇ ವಿಶ್ವ ಆರೋಗ್ಯ ಸಂಸ್ಥೆಯ 2003ರ ಕೈಪಿಡಿ, ಟ್ಯೂಬ್ ಚೆನ್ನಾಗಿ ಉರಿಯುತ್ತಿದ್ದರೂ 2000 ಗಂಟೆಗೆ ಅಥವಾ 3 ತಿಂಗಳಿಗೆ ಬದಲಿಸಿ ಅಂತ ಹೇಳುತ್ತೆ. ಹಗಲೂ ರಾತ್ರಿ ಉರಿದರೆ 2000 ಗಂಟೆ ಅಂದರೆ ಬರೀ 83 ದಿನ. ಎಲ್‌ಇಡಿ ಯಂತ್ರಗಳು ಇದಕ್ಕಿಂತ ಬಹಳ ಹೆಚ್ಚು ಕಾಲ ಬಾಳುತ್ತವೆ. ಆದರೆ ಧೂಳು ಕೂತರೆ, ಮಗುವಿನಿಂದ ದೂರ ಇಟ್ಟರೆ, ಅಲ್ಲೂ ಬಲ ಕಮ್ಮಿ. ಬಲ ಅಳೆಯೋಕೆ ಫ್ಲಕ್ಸ್ ಮೀಟರ್ ಅಂತ ಪುಟ್ಟ ಉಪಕರಣ ಇದೆ. ಕಾಮಾಲೆ ಜೋರಾಗಿದ್ದರೆ ಪ್ರತಿ ಚದರ ಸೆಂಟಿಮೀಟರಿಗೆ, ಪ್ರತಿ ನ್ಯಾನೊಮೀಟರಿಗೆ ಕನಿಷ್ಠ 30 ಮೈಕ್ರೊವ್ಯಾಟ್ ಬೇಕು.

ನಾನು ಕಾಮರ್ಸ್ ಓದಿದವನು. ಯಂತ್ರ ಕೊಂಡ ದಿನದಿಂದಲೇ ಅದರ ಬೆಲೆ ಸವೆಯುತ್ತೆ, ಆ ಸವಕಳಿಯನ್ನು ವರ್ಷಾ ವರ್ಷ ಪುಸ್ತಕದಲ್ಲಿ ಬರೀಬೇಕು ಅಂತ ಕಲಿಸಿದರು. ಬ್ಯಾಂಕಿನಲ್ಲಿ ನೋಟು ಎಣಿಸೋ ಯಂತ್ರ ಒಂದು ನೋಟು ತಪ್ಪಿದರೂ ಅವತ್ತೇ ಗಲಾಟೆ, ಮೆಕ್ಯಾನಿಕ್‌ಗೆ ಫೋನು. ಮಗುವಿನ ಮೇಲೆ ಬೀಳೋ ಬೆಳಕು ಅರ್ಧ ಆದರೆ ಯಾರಿಗೆ ತಿಳಿಯುತ್ತೆ?

ಇದು ನಮ್ಮ ಜಿಲ್ಲೆಯೊಂದರ ಮಾತಲ್ಲ. ಕೇಂದ್ರ ಸರ್ಕಾರ 29 ರಾಜ್ಯಗಳ ಸರ್ಕಾರಿ ಆಸ್ಪತ್ರೆಗಳ ಉಪಕರಣ ಎಣಿಸಿದಾಗ, ರಾಜ್ಯದಿಂದ ರಾಜ್ಯಕ್ಕೆ ನೂರಕ್ಕೆ 13ರಿಂದ 34ರಷ್ಟು ಕೆಟ್ಟಿದ್ದವು. ಇವು ಕೆಟ್ಟಿವೆ ಅಂತ ಕಾಣೋ ಯಂತ್ರಗಳ ಲೆಕ್ಕ. ಉರಿಯುತ್ತಲೇ ಬಲ ಕಳೆದುಕೊಂಡ ದೀಪವನ್ನು ಮೀಟರ್ ಹಿಡಿಯದೆ ಯಾರು ಲೆಕ್ಕಕ್ಕೆ ತಗೋತಾರೆ?

2025ರ ಏಪ್ರಿಲ್‌ನಲ್ಲಿ ಊಟಿಯಲ್ಲಿ ಹೊಸ ಸರ್ಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆ ಉದ್ಘಾಟನೆ ಆಯ್ತು, ಸಂತೋಷ. ಆದರೆ ಕಟ್ಟಡಕ್ಕೆ ರಿಬ್ಬನ್ ಕತ್ತರಿಸೋಕೆ ಬರೋ ಜನ ಟ್ಯೂಬ್ ಬದಲಿಸೋಕೆ ಬರಲ್ಲ. ಅದನ್ನು ಕೇಳೋರು ನಾವೇ ಆಗಬೇಕು.

ನಿಮ್ಮ ಹತ್ತಿರದ ಸರ್ಕಾರಿ ಆಸ್ಪತ್ರೆಗೆ ಮೂರು ಪ್ರಶ್ನೆ ಕೇಳಿ:

1. ಫೋಟೊಥೆರಪಿ ಯಂತ್ರ ಎಷ್ಟಿವೆ, ಎಷ್ಟು ನಡೀತಿವೆ?
2. ಟ್ಯೂಬ್ ಕೊನೆಗೆ ಬದಲಿಸಿದ್ದು ಯಾವಾಗ, ಎಷ್ಟು ಗಂಟೆ ಉರಿದಿದೆ?
3. ಫ್ಲಕ್ಸ್ ಮೀಟರ್ ಇದೆಯಾ, ಕೊನೆಯ ಅಳತೆ ಎಷ್ಟು?

ನರ್ಸಮ್ಮನ ಮೇಲೆ ರೇಗಬೇಡಿ, ಟ್ಯೂಬ್ ಖರೀದಿ ಅವರ ಕೈಲಿಲ್ಲ. ಮಾಹಿತಿ ಹಕ್ಕಿನಲ್ಲಿ 10 ರೂಪಾಯಿ ಶುಲ್ಕ ಕಟ್ಟಿ ಕೇಳಿ, 30 ದಿನದಲ್ಲಿ ಉತ್ತರ ಕೊಡಲೇಬೇಕು. ಅಕ್ಟೋಬರ್ 2ರ ಗ್ರಾಮಸಭೆಯಲ್ಲೂ ಎತ್ತಿ. ಇಲ್ಲಿ ಮಾಹಿತಿ ಹಕ್ಕಿನ ಅರ್ಜಿಯನ್ನು ತಮಿಳಿನಲ್ಲೋ ಇಂಗ್ಲಿಷಿನಲ್ಲೋ ಹಿಂದಿಯಲ್ಲೋ ಕೊಡಬೇಕು. ನಮ್ಮ ಹಿರಿಯರಿಗೆ ಅದು ಕಷ್ಟ, ಆ ಭಾಷೆ ಬಲ್ಲ ನೀವು ಬರೆದುಕೊಡಿ.